ತುಟಿಗಿಂತ ಮೊದಲು ಬಂದ ಮಾತು

ನವೆಂಬರ್ ೧೨, ಮಂಗಳವಾರ

‘ಮಾತು ಬಂದಿತ್ತು, ತುಟಿ ಇನ್ನೂ ದಾರಿಯಲ್ಲಿತ್ತು.’ ಎಲ್ಲಿ ಓದಿದ ಸಾಲು? ‘ದಾರಿಯಲ್ಲಿ’ ಎಂದಿತ್ತೋ, ‘ದೂರದಲ್ಲಿ’ ಎಂದಿತ್ತೋ? ಪ್ರೇಮದ ಬಗ್ಗೆ ಇದ್ದಿರಬೇಕು. ಬರೆದವರು ನನ್ನ ವೆಬ್‌ಕ್ಯಾಮ್ ನೋಡಿರಲಿಲ್ಲ.

ನಾಳೆ ಹತ್ತು ಗಂಟೆಗೆ ಪಿಎಚ್‌ಡಿಯ ಮೌಖಿಕ ಪರೀಕ್ಷೆ, ಆನ್‌ಲೈನಿನಲ್ಲಿ. ಒಂಬತ್ತು ವರ್ಷದ ಕೆಲಸ. ಇವತ್ತು ಮಧ್ಯಾಹ್ನ ಅದರ ತಾಲೀಮಿನಲ್ಲಿ ನನ್ನ ದನಿ ಮೊದಲು ಹೋಯಿತು, ಚಿತ್ರ ತಡೆತಡೆದು ಹಿಂದೆ ಬಂತು. ಗೈಡ್ ಮಹಾಶಯರು ಎಲ್ಲರೆದುರು ನಕ್ಕರು: “ಏನಮ್ಮಾ, ನಿಮ್ಮ ಪ್ರಬಂಧದ ಹಾಗೇ ನೀವೂ ನಿಂತು ನಿಂತು ಬರ್ತಿದ್ದೀರಲ್ಲ! ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?” ನನ್ನ ಎರಡು ಅಧ್ಯಾಯಗಳು ಮೂರು ವರ್ಷ ಈತನ ಮೇಜಿನ ಮೇಲೆ ಕೊಳೆತದ್ದು ಯಾರಿಗೂ ನೆನಪಿಲ್ಲ. ಆದರೂ ಹಲ್ಲು ಕಚ್ಚಿಕೊಂಡು “ಸರಿ ಸರ್” ಎಂದೆ. ಆ ‘ಸರಿ’ಗೆ ನನ್ನ ಮೇಲೇ ಹೇಸಿಗೆ.

ಸಂಜೆಯೆಲ್ಲ ಹುಡುಕಿದೆ. ಇಂಟರ್ನೆಟ್ಟಿನ ತಪ್ಪಲ್ಲ. ವಿದ್ಯುತ್ ಉಳಿಸಲು ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ, ವೆಬ್‌ಕ್ಯಾಮನ್ನೂ ಸೇರಿಸಿ, ಕಂಪ್ಯೂಟರ್ ಆಗಾಗ ಮಲಗಿಸಲಿ ಎಂದು ಯಾರೋ ಸೆಟ್ಟಿಂಗಿನಲ್ಲಿ ಟಿಕ್ ಹಾಕಿಟ್ಟಿದ್ದರು. ತೆಗೆದೆ. ಪರದೆಯ ಮೇಲಿನ ಮುಖ ತಕ್ಷಣ ಮಾತಿನ ಜೊತೆಗೇ ನಡೆಯಿತು. ಆದರೆ ಟಿಕ್ ಹಾಕಿದ್ದು ಯಾರು? ನಾನಂತೂ ಅಲ್ಲ.

ಆಗಲೇ ಬೆಲ್. ಕಳೆದ ತಿಂಗಳು ಪ್ರಿಂಟರ್ ಜೋಡಿಸಿಕೊಡುತ್ತೇನೆಂದು ತಾನಾಗಿ ಬಂದು ಎರಡು ಗಂಟೆ ಕೂತಿದ್ದ ಎದುರುಮನೆಯಾತ. ಬಾಗಿಲಲ್ಲೇ ಹಲ್ಲು ಕಿರಿದು ಕೇಳಿದ: “ಅಕ್ಕಾ, ಅವತ್ತು ನಿಮಗೆ ಹೇಳದೇನೇ ಕರೆಂಟ್ ಉಳಿಸೋ ಸೆಟ್ಟಿಂಗ್ ಒಂದು ಹಾಕಿಕೊಟ್ಟಿದ್ದೆ. ಬಿಲ್ ಕಮ್ಮಿ ಬಂತಾ?”