ನಡುವಿನ ದಪ್ಪ ವೈರು

ಅಣ್ಣಾ,

ಕಾರಿನ ವಿಷಯ ನಿನಗೇ ಹೇಳಲು ಹೊರಟಿದ್ದೇನೆ, ಕ್ಷಮಿಸು. "ಬಂದ್ಲಪ್ಪಾ ಮೆಕ್ಯಾನಿಕ್ಕಮ್ಮ" ಎಂದು ನಗಬೇಡ. ಎದುರು ನಿಂತು ಹೇಳಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಬಾನೆಟ್ ತೆಗೆದು ನೋಡಿದೆ. ಬ್ಯಾಟರಿ ಸರಿಯಿದೆ, ಪೆಟ್ರೋಲ್ ಬರುತ್ತಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ವೈರು ಮಾತ್ರ ಸಡಿಲವಾಗಿತ್ತು. ಟಕ್ಕೆನ್ನುವವರೆಗೆ ಒತ್ತಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟೆ, ನಿಲ್ಲಲಿಲ್ಲ.

ಲಕ್ವ ಹೊಡೆದ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ಹಿಂದಿನ ದಿನ ಆ ವೈರು ಬಿಚ್ಚಿ ಒರೆಸಿದ್ದು ನಾನು. ಸಂಜೆಯ ಮೆಕ್ಯಾನಿಕ್ ತರಗತಿಯಲ್ಲಿ ಕಲಿತದ್ದನ್ನು ಮಾಡಿ ನೋಡುವ ಆಸೆ. ಮರುದಿನ ಏರಿನಲ್ಲಿ ಕಾರು ಅರ್ಧ ಗಂಟೆ ನಿಂತುಬಿಟ್ಟಾಗ ಅಪ್ಪ, "ಒಂದು ಗಾಡಿ ನೆಟ್ಟಗೆ ಇಟ್ಕೊಳ್ಳೋಕಾಗಲ್ವೇನೋ, ದಂಡಪಿಂಡ!" ಎಂದು ನಿನ್ನನ್ನು ಬೈದರು. ನಾನು ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ಹಿಡಿದು ಕುಳಿತಿದ್ದೆ. ಬಾಯಿ ಬಿಡಲಿಲ್ಲ. ಇವತ್ತು ಕೆಲಸದಿಂದ ಬಂದಮೇಲೆ ಅಪ್ಪನಿಗೂ ಹೇಳುತ್ತೇನೆ.

ನಾಲ್ಕು ಗಂಟೆಗೆ ಅಮ್ಮನನ್ನು ಮನೆಗೆ ಕಳಿಸುತ್ತಾರೆ. ಇದೇ ಕಾರಿನಲ್ಲಿ ಕರೆದುಕೊಂಡು ಬಾ. ಒರಗಲು ದಿಂಬು ಇಟ್ಟಿದ್ದೇನೆ. ದಾರಿಯಲ್ಲಿ ನಿಂತರೆ ಮೊದಲು ಆ ವೈರು ಒತ್ತು. ಊಟ ಮಾಡಿ ಹೊರಡು, ಒಲೆಯ ಮೇಲಿದೆ.

ಅರ್ಧ ಗಂಟೆ ಮೊದಲು ತಲುಪಿದ್ದರೆ ಅಮ್ಮನಿಗೆ ಮಾತು ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ.