ಮಾದೇವಿ ಅಂಬಿಗರ ದನಿ ಉಳಿದ ಬಗೆ

ಅಘನಾಶಿನಿ ಅಳಿವೆ
ಫೆಬ್ರವರಿ 30, 2188

ಲ್ಯಾಪ್‌ಟಾಪ್ ಹೊತ್ತು ಊರಿಂದೂರಿಗೆ ಹೋಗುತ್ತಿರುವ ಹಿರಿಯರೇ,

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಬಿಟ್ಟಿದ್ದೇವೆ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಹಳೆಯ ಬರಹಗಳಿಂದ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನನ್ನ ಹೆಸರು ನೇತ್ರಾವಳಿ. ಇಲ್ಲಿಯ ಕೇಳುಮನೆಯನ್ನು ನೋಡಿಕೊಳ್ಳುತ್ತೇನೆ. ಕೇಳುಮನೆಯೆಂದರೆ ತೀರಿಹೋದವರ ದನಿಗಳನ್ನು ಕೂತು ಕೇಳುವ ಜಾಗ. ಹೊಳೆಯಲ್ಲಿ ಬಳಚು ಹೆಕ್ಕುವ ಹೆಂಗಸರು ನೀರು ಏರತೊಡಗಿದಾಗ ಕೆಲಸ ನಿಲ್ಲಿಸಿ, ಬುಟ್ಟಿಗಳನ್ನು ಜಗುಲಿಯ ಮೇಲಿಟ್ಟು, ಕಾಲಿನ ಕೆಸರು ತೊಳೆದು ಒಳಗೆ ಬರುತ್ತಾರೆ. ಬಳಚು ನಮ್ಮ ಹೊಳೆಯ ಚಿಪ್ಪುಜೀವಿ, ನಮ್ಮ ಊಟ. ನಿಮ್ಮ ಕಾಲದಲ್ಲೂ ಇತ್ತು; ನಡುವೆ ಐವತ್ತು ವರ್ಷ ಇರಲಿಲ್ಲ. ಆ ಹೆಂಗಸರು ಹೆಚ್ಚಾಗಿ ಕೇಳಬಯಸುವುದು ಮಾದೇವಿ ಅಂಬಿಗರ ದನಿಯನ್ನು. ಅದು ಉಳಿದ ಕಥೆಯನ್ನು ನಿಮಗೆ ಹೇಳಬೇಕೆನಿಸಿತು.

ನಿಮ್ಮ ಕಾಲದಲ್ಲಿ ಸುಲಭಾ ಹರಿಕಂತ್ರ ಎಂಬವರಿದ್ದರು. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದರು. ಆರು ತಿಂಗಳು ಈ ಹೊಳೆಯ ದಡದಲ್ಲಿ ಓಡಾಡಿ, ಬಳಚು ಹೆಕ್ಕುವವರ ಮಾತುಗಳನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡರು. ಕೊನೆಯ ದಿನ ಮಾದೇವಿಯವರ ಸರದಿ. ಎಪ್ಪತ್ತು ದಾಟಿದ ಆಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡಿದರು. ಮುಗಿಸಿದ ಮೇಲೆ ಆ ಯಂತ್ರವನ್ನೇ ನೋಡುತ್ತ ಕೇಳಿದರಂತೆ:

“ತಂಗೀ, ಇದು ನೀರಿಗೆ ಬಿದ್ರೆ ನೀ ಎಂತಾ ಮಾಡ್ತೆ?”

“ಬೀಳೂದಿಲ್ಲ ಅಮ್ಮಾ. ತೊಡೆ ಮೇಲೇ ಇಟ್ಕಂಡು ಹೋಗ್ತೆ.”

“ನಾನೂ ಹಂಗೇ ಹೇಳ್ತಿದ್ದೆ. ನಾಕು ಸರ್ತಿ ದೋಣಿಯಿಂದ ಬಿದ್ದೆ.”

ಸುಲಭಾ ನಕ್ಕರು. ಆದರೆ ಏಳಲಿಲ್ಲ. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದನ್ನು ತೆಗೆದು, ಅಂದಿನ ಮಾತುಗಳ ಇನ್ನೊಂದು ಪ್ರತಿ ಮಾಡಲು ಕೂತರು. ಅಷ್ಟರಲ್ಲಿ ಜನರನ್ನು ಹೊಳೆಯಾಚೆಯ ತದಡಿಗೆ ದಾಟಿಸುವ ಬಾರ್ಜ್ ಹೊರಟುಹೋಯಿತು. ಮುಂದಿನ ಬಾರ್ಜ್ ಕೂಗಿದಾಗ ಲ್ಯಾಪ್‌ಟಾಪನ್ನು ಬಂದ್ ಮಾಡದೆ, ಬರೀ ಮುಚ್ಚಿ ಬ್ಯಾಗಿಗೆ ತುರುಕಿ ಓಡಿದರು. ಅದೇ ಬ್ಯಾಗಿನಲ್ಲಿ ನೀರಿನ ಬಾಟಲಿಯೂ ಇತ್ತು. ಹಾರ್ಡ್ ಡಿಸ್ಕ್ ಮಾತ್ರ ಊಟದ ಡಬ್ಬಿಯೊಂದರೊಳಗೆ, ಹೆಗಲಿನ ಬಟ್ಟೆಚೀಲದಲ್ಲಿತ್ತು.

ಬಾರ್ಜಿನಲ್ಲಿ ಏನೂ ಆಗಲಿಲ್ಲ. ಬಸ್ಸಿನಲ್ಲಿಯೂ ಅವರು ಬ್ಯಾಗನ್ನು ಮೇಲಿನ ಹಲಗೆಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಘಟ್ಟದ ತಿರುವುಗಳಲ್ಲಿ ಸೀರೆ ಒದ್ದೆಯಾದಾಗಲೇ ಗೊತ್ತಾದದ್ದು, ಬಾಟಲಿಯ ಮುಚ್ಚಳ ಸಡಿಲವಾಗಿದೆಯೆಂದು. ಲ್ಯಾಪ್‌ಟಾಪ್ ಹೊರತೆಗೆದರೆ ಕೀಲಿಗಳ ಸಂದಿಯಿಂದ ನೀರು ಸುರಿಯಿತು. ಕೂಡಲೇ ಪೂರ್ತಿ ಬಂದ್ ಮಾಡಿ ಬೋರಲು ಹಾಕಿದರು. ಮತ್ತೆ ಆನ್ ಮಾಡಿ ನೋಡಬೇಕೆಂದು ಬೆರಳು ತುಡಿಯುತ್ತಿತ್ತು. ಧಾರವಾಡ ಮುಟ್ಟುವವರೆಗೂ ಎರಡೂ ಕೈಗಳನ್ನು ಕಟ್ಟಿಕೊಂಡು ಕೂತೆ ಎಂದು ದಿನಚರಿಯಲ್ಲಿ ಬರೆದಿದ್ದಾರೆ.

ಮೂರು ದಿನ ಬಿಟ್ಟು ರಿಪೇರಿ ಅಂಗಡಿಯವನು ತಲೆ ಅಲ್ಲಾಡಿಸಿದ. “ಒಳಗ ಬೋರ್ಡೇ ಹೋಗೇತ್ರಿ ಮೇಡಂ. ಏನೂ ಬರಂಗಿಲ್ಲ.”

ಸುಲಭಾ ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಡಬ್ಬಿ ತೆರೆದರು. ಅಂಗಡಿಯವನ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಜೋಡಿಸಿ, ಅದಕ್ಕೆ ಹಾಕಿದ್ದ ಪಾಸ್‌ವರ್ಡನ್ನು ತಾವೇ ಒತ್ತಿದರು. ನೀರಿನ ಸದ್ದು, ಕಾಗೆಯ ಕೂಗು, ಆಮೇಲೆ ಮಾದೇವಿಯವರ ಕೆಮ್ಮು. ಅಂಗಡಿಯಲ್ಲಿ ಜನರಿದ್ದರೂ ತಾವು ಅತ್ತುಬಿಟ್ಟದ್ದನ್ನು ಸುಲಭಾ ಮುಚ್ಚಿಟ್ಟಿಲ್ಲ.

ಆ ಮಳೆಗಾಲದಲ್ಲಿ ಮಾದೇವಿ ತೀರಿಕೊಂಡರು.

ನಂತರ ಬಂದದ್ದು ಏರುಗಾಲ, ಕಡಲು ಏರಿದ ದಶಕಗಳಿಗೆ ನಾವಿಟ್ಟ ಹೆಸರು. ಒಡ್ಡುಗಳು ಒಡೆದವು, ಉಪ್ಪುನೀರಿನಲ್ಲಿ ಬೆಳೆದು ಕೆಸರನ್ನು ಹಿಡಿದಿಡುವ ಕಾಂಡ್ಲಾ ಗಿಡಗಳು ಕೊಚ್ಚಿಹೋದವು, ಬಳಚು ಕಾಣೆಯಾಯಿತು. ಕಂಡಕಂಡಲ್ಲೆಲ್ಲ ಗಿಡ ನೆಟ್ಟು ಸೋತವರು ಕೊನೆಗೆ ಸುಲಭಾ ಉಳಿಸಿದ್ದ ಮಾದೇವಿಯವರ ದನಿಯನ್ನು ಕೇಳಿದರು: “ಎಲ್ಲಾ ಬದಿಗೂ ನೆಡೂದಲ್ಲ. ಹೊಳೆ ಎಲ್ಲಿ ತಾನಾಗಿ ಮಣ್ಣು ಬಿಟ್ಟು ಹೋಗ್ತದೋ, ಅಲ್ಲಿ ನೆಡಿ.” ಅಂಥ ಹದಿನೇಳು ಜಾಗಗಳನ್ನು ಆಕೆ ಗುರುತಿನ ಸಮೇತ ಹೇಳಿದ್ದರು. ಒಂಬತ್ತರಲ್ಲಿ ಗಿಡ ಹಿಡಿಯಿತು. ಹನ್ನೆರಡು ವರ್ಷದ ಮೇಲೆ ನನ್ನ ತಾಯಿ, ಆಗ ಸಣ್ಣವಳು, ಕೆಸರಿಗೆ ಕೈಹಾಕಿ ಮೊದಲ ಬಳಚನ್ನು ಎತ್ತಿದಳು. ಇಡೀ ದಡದ ಜನ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ಮತ್ತೆ ನೀರಿಗೇ ಬಿಟ್ಟರಂತೆ.

ಸುಲಭಾ ಎರಡು ತಪ್ಪು ಮಾಡಿದ್ದರು. ಯಂತ್ರವನ್ನು ಬಂದ್ ಮಾಡಿರಲಿಲ್ಲ, ನೀರನ್ನು ಅದರ ಪಕ್ಕದಲ್ಲೇ ಇಟ್ಟಿದ್ದರು. ಒಂದು ಕೆಲಸವನ್ನು ಮಾತ್ರ, ಬಾರ್ಜ್ ತಪ್ಪಿದರೂ, ಸರಿಯಾಗಿ ಮಾಡಿದ್ದರು. ನಮ್ಮ ಹೊಳೆಗೆ ಅಷ್ಟು ಸಾಕಾಯಿತು.

ನೀವೂ ಇವತ್ತು ಎಲ್ಲಿಗೋ ಹೊರಟಿರಬಹುದು. ನಿಮ್ಮ ಯಂತ್ರದೊಳಗೆ ಯಾರ ಮಾತಿದೆ, ಯಾರ ಮುಖವಿದೆ ಎಂದು ಒಮ್ಮೆ ನೆನೆಯಿರಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ಕೂತು ಒಂದು ಪ್ರತಿ ಮಾಡಿ, ಬೇರೆ ಚೀಲದಲ್ಲಿಟ್ಟುಕೊಂಡು ಹೊರಡಿ. ಕೇಳುವವರು ನಾವು ಇಲ್ಲಿದ್ದೇವೆ.

ನಿಮ್ಮವಳು,
ನೇತ್ರಾವಳಿ