ಬೊಜ್ಜು ಕರಗಿಸುವ ಸೂಜಿ

ಔಷಧಗಳ ಮೇಲೆ ಕಣ್ಣಿಡಲೆಂದೇ ಸರ್ಕಾರ ನೇಮಿಸಿರುವ ಮಾನ್ಯ ಅಧಿಕಾರಿಗಳೇ,

ಕುರುಗೋಡಿನಲ್ಲಿ ಡಾಕ್ಟರಲ್ಲದ ಒಬ್ಬ ಮನುಷ್ಯ ಬೊಜ್ಜು ಕರಗಿಸುವ ಹೆಸರಿನಲ್ಲಿ ಗಂಡಸರಿಗೆ ಹಾರ್ಮೋನ್ ಸೂಜಿ ಚುಚ್ಚುತ್ತಿದ್ದಾನೆ. ಆ ಸೂಜಿ ನನ್ನ ಗಂಡನ ಬಲಗೈಯನ್ನೂ ಅರ್ಧ ಮಾತನ್ನೂ ಕಸಿದುಕೊಂಡಿತು. ಇದನ್ನು ಹೇಳಲು ನಾನು ಬಳ್ಳಾರಿಯ ತಮ್ಮ ಕಚೇರಿಗೆ ಬಂದಾಗ ತಾವು ಕಾಗದದಿಂದ ತಲೆಯನ್ನೂ ಎತ್ತದೆ, "ಅಮ್ಮಾ, ಇಂಥಾ ವಿಷಯ ಹೆಣ್ಮಕ್ಕಳು ಮಾತಾಡಬಾರದು. ಯಜಮಾನರನ್ನ ಕಳಿಸ್ರಿ" ಎಂದಿರಿ. ಮಾತು ಹೋದವರನ್ನು ಮಾತಾಡಲು ಕಳಿಸಬೇಕಂತೆ! ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಬರೆಯಲು ಹೆದರಿಕೆಯಾಗುತ್ತಿದೆ, ಸುಮ್ಮನಿರಲು ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿದೆ.

ನಾನು ಸಿರುಗುಪ್ಪದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಪಾಠ ಹೇಳುವವಳು. ನನ್ನ ಗಂಡ ಹಾಲಸಿದ್ದಪ್ಪ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಮದುವೆಯಾದ ಕೆಲವೇ ವರ್ಷಗಳಲ್ಲಿ ಅವರ ಮೈ ಊದತೊಡಗಿತು. ಹೊಟ್ಟೆ ಬಂತು, ಎದೆ ಹೆಂಗಸರಂತೆ ತುಂಬಿತು, ಮೀಸೆ ತೆಳ್ಳಗಾಯಿತು. ಅಕ್ಕಿ ಮೂಟೆಯನ್ನು ಆಟದ ಚೆಂಡಿನಂತೆ ಎತ್ತುತ್ತಿದ್ದವರು ಮೆಟ್ಟಿಲು ಹತ್ತಿ ಕೂತುಬಿಡುತ್ತಿದ್ದರು. ಗಿರಣಿಯ ಹಮಾಲರು ನಕ್ಕರು. ನೆಂಟರು, "ಟೀಚರಮ್ಮ ಚಲೋ ಉಣ್ಣಿಸ್ಯಾಳ" ಎಂದು ನನ್ನ ಕಡೆ ನೋಡಿ ನಕ್ಕರು. ನನ್ನ ಗಂಡ ಊಟ ಬಿಟ್ಟರು, ಬರೀ ಜೋಳದ ಗಂಜಿ ಕುಡಿದರು. ಬೊಜ್ಜು ಕರಗಲಿಲ್ಲ, ಇದ್ದ ಶಕ್ತಿಯೂ ಹೋಯಿತು. ನಮಗೆ ಮಕ್ಕಳಾಗಲಿಲ್ಲ, ಅದಕ್ಕೂ ಊರು ಬೊಟ್ಟು ತೋರಿಸಿದ್ದು ನನ್ನ ಕಡೆಗೇ.

ಕೊನೆಗೆ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ನಗದೆ ಕೇಳಿದರು: "ಸಣ್ಣವರಿದ್ದಾಗ ಮಂಗನಬಾವು ಆಗಿತ್ತೇನ್ರಿ?" ಆಗಿತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಕಿವಿಯ ಕೆಳಗಿನ ಬಾವು ವೃಷಣಗಳಿಗೂ ಇಳಿದಿತ್ತು. ರಕ್ತ ಪರೀಕ್ಷೆಗೆಂದು ಮದ್ರಾಸಿಗೆ ಹೋಯಿತು. ಗಂಡಸಿನ ದೇಹದಲ್ಲಿ ತಯಾರಾಗಬೇಕಾದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನ್ ಇವರಲ್ಲಿ ತೀರಾ ಕಡಿಮೆ ಎಂದು ತಿಳಿಯಿತು. ಎಣ್ಣೆಯಂಥ ಔಷಧವನ್ನು ಕೆಲವು ವಾರಗಳಿಗೊಮ್ಮೆ ಚುಚ್ಚಿಸಿಕೊಳ್ಳಬೇಕು ಎಂದರು. ಜೊತೆಗೇ ಎಚ್ಚರಿಕೆಯನ್ನೂ ಕೊಟ್ಟರು: "ಇದು ಬೊಜ್ಜು ಕರಗಿಸೋ ಔಷಧ ಅಲ್ರಿ. ಮೈಯಾಗ ಇಲ್ಲದ್ದನ್ನ ತುಂಬಿಕೊಡತೈತಿ, ಅಷ್ಟ. ನಡೀಬೇಕು, ಅನ್ನ ಕಡಿಮಿ ಮಾಡಬೇಕು. ಇದರಿಂದ ಮಕ್ಕಳಾಗತಾವು ಅಂತ ಆಸಿ ಇಟ್ಕಬ್ಯಾಡ್ರಿ. ರಕ್ತ ಪರೀಕ್ಷೆ ಮಾತ್ರ ತಪ್ಪಿಸಬ್ಯಾಡ್ರಿ. ಔಷಧ ಹೆಚ್ಚಾದ್ರ ರಕ್ತ ಗಟ್ಟಿ ಆಗತೈತಿ."

ಒಂದು ವರ್ಷದಲ್ಲಿ ನನ್ನ ಗಂಡ ನನಗೆ ತಿರುಗಿ ಸಿಕ್ಕರು. ಬೆಳಗ್ಗೆ ಕಾಲುವೆಯ ದಂಡೆ ಹಿಡಿದು ನಡೆದುಬರುತ್ತಿದ್ದರು. ಸೊಂಟದ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಬಂದ ದಿನ ಹುಡುಗರಂತೆ ತೋರಿಸಿದರು. ಹಾಗಾದರೆ ಕುರುಗೋಡಿಗೆ ಯಾಕೆ ಹೋದರು ಎಂದು ತಾವು ಕೇಳಬಹುದು. ಆಸ್ಪತ್ರೆಯ ಕಾಂಪೌಂಡರ್ ಹೆಂಗಸರು ಮಕ್ಕಳು ತುಂಬಿದ ವರಾಂಡದಲ್ಲಿ ನಿಂತು ಪ್ರತಿ ಸಲವೂ, "ಗಂಡಸ್ತನದ ಸೂಜಿ ಯಾರದಪಾ? ಹಾಲಸಿದ್ದಪ್ಪ, ಬರ್ರಿ ಒಳಗ!" ಎಂದು ಕೂಗುತ್ತಿದ್ದ. ವರಾಂಡವೆಲ್ಲ ತಿರುಗಿ ನೋಡುತ್ತಿತ್ತು. ತಮ್ಮನ್ನು ಹಾಗೆ ಕೂಗಿದ್ದರೆ ತಾವು ಮತ್ತೆ ಹೋಗುತ್ತಿದ್ದಿರಾ?

ಕುರುಗೋಡಿನಲ್ಲಿ ಬಸ್ಸಿಳಿದು ಗುಡಿಯ ಕಡೆಗೆ ನಡೆದರೆ, 'ಬೊಜ್ಜು ಕರಗಿಸಿ, ಗಂಡಸುತನ ಬೆಳೆಸಿ' ಎಂಬ ಬೋರ್ಡು ಕುರುಡರಿಗೂ ಕಾಣುವಷ್ಟು ದೊಡ್ಡದಾಗಿದೆ. ತಮ್ಮ ಇಲಾಖೆಗೆ ಮಾತ್ರ ಕಂಡಿಲ್ಲ. ಬೋರ್ಡಿನ ಕೆಳಗಿನ ಕೋಣೆಯೇ ಆ ಸೂಜಿಯವನದು; ಅಲ್ಲಿ ಯಾರೂ ಹೆಸರು ಕೂಗುವುದಿಲ್ಲ. ಕುರುಗೋಡಿನಲ್ಲಿ ನನ್ನ ಮೈದುನ ಮೈಲಾರಪ್ಪನ ಮನೆಯಿದೆ. ತಮ್ಮನನ್ನು ನೋಡಿಬರುತ್ತೇನೆಂದು ಹೇಳಿ ಇವರು ಅಲ್ಲಿಗೆ ಹೋಗತೊಡಗಿದರು. "ಡಾಕ್ಟ್ರು ಕೊಡೋದು ಹುಡುಗರ ಡೋಸು. ವಾರವಾರ ತಗೊಳ್ರಿ, ನಡಿಯೋದೂ ಬ್ಯಾಡ, ಉಪಾಸನೂ ಬ್ಯಾಡ" ಎಂದು ಆ ಮನುಷ್ಯ ಹೇಳಿದ್ದನಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಕೆಂಪೇರಿದ ಮುಖ, ಬಾತ ಕಾಲು, ಸದಾ ತಲೆನೋವು, ಸಣ್ಣ ಮಾತಿಗೂ ಸಿಡುಕು. "ಮಕ ಯಾಕ ಹಿಂಗ ಕೆಂಪಾಗೈತ್ರಿ?" ಎಂದರೆ, "ಬಳ್ಳಾರಿ ಬಿಸಲು ಗೊತ್ತಿಲ್ಲೇನು?" ಎಂದು ಎದ್ದು ಹೋಗುತ್ತಿದ್ದರು.

ಒಂದು ಬೆಳಗ್ಗೆ ಮೈಲಾರಪ್ಪನ ಮನೆಯಲ್ಲಿ ಊಟಕ್ಕೆ ಕೂತವರ ಕೈಯಿಂದ ರೊಟ್ಟಿ ಜಾರಿತು. ಎತ್ತಿಕೊಳ್ಳಲು ಹೋದರು, ಕೈ ಏಳಲಿಲ್ಲ. ಬಾಯಿ ಒಂದು ಕಡೆಗೆ ಎಳೆಯಿತು. ಮೈಲಾರಪ್ಪ ಮೆಣಸಿನಕಾಯಿ ಲಾರಿಯೊಂದನ್ನು ನಿಲ್ಲಿಸಿ ಅಣ್ಣನನ್ನು ಬಳ್ಳಾರಿಗೆ ಸಾಗಿಸಿದ. ಸುದ್ದಿ ತಿಳಿದು ನಾನು ಸಿರುಗುಪ್ಪದಿಂದ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವಾ ಹಂಗ ನಡಗತಿ, ಚಳಿ ಜರ ಏನು?" ಎಂದು ತನ್ನ ಸೆರಗು ಹೊದಿಸಿದಳು. ಆಸ್ಪತ್ರೆಯಲ್ಲಿ ಅದೇ ಹಿರಿಯ ಡಾಕ್ಟರು ಇವರ ಗಟ್ಟಿಯಾದ ರಕ್ತವನ್ನು ಸ್ವಲ್ಪ ಹೊರಗೆ ತೆಗೆಸುತ್ತಿದ್ದರು. "ನೋಡ್ರಿ, ಪಾಕ ಆಗೈತಿ. ಮಿದುಳಿಗೆ ಹ್ಯಾಂಗ ಹರೀಬೇಕಿದು?" ಎಂದರು. ಜೀವ ಉಳಿಯಿತು.

ತಮ್ಮ ಕಚೇರಿಯಿಂದ ನಾನು ಹೊರಬಿದ್ದ ವಾರದಲ್ಲೇ ಆ ಸೂಜಿಯವನು ನಮ್ಮ ಮನೆ ಬಾಗಿಲಿಗೆ ಬಂದ. ನಾನು ದೂರು ಹೇಳಿದ್ದು ಅವನಿಗೆ ತಿಳಿದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ತಮ್ಮದು. ಹಣ್ಣಿನ ಚೀಲ ಕೆಳಗಿಟ್ಟು ಮೆಲ್ಲಗೆ ಹೇಳಿದ: "ಟೀಚರಮ್ಮಾ, ನಿಮ್ಮ ಯಜಮಾನ್ರು ಯಾ ಸೂಜಿಗೆ ಬರತಿದ್ರು ಅಂತ ಊರಿಗೆ ಗೊತ್ತಾದ್ರ ನಿಮಗ ಚಲೋ ಅಲ್ಲ. ಸಾಲಿ ಮಕ್ಕಳು ಏನಂತಾವು?" ಅವನು ಹೋದ ಮೇಲೆ ನಾನು ಬಾಗಿಲಿಗೆ ಅಗಳಿ ಹಾಕಿದೆ. ಒಳಗೆ ಮಲಗಿದ್ದ ಇವರಿಗೆ ಎಲ್ಲ ಕೇಳಿಸಿತ್ತು. ಎಡಗೈ ಬೀಸಿ ಕರೆದರು. ಒಂದೊಂದೇ ಅಕ್ಷರ ಕಿತ್ತು ತೆಗೆದಂತೆ ಹೇಳಿದರು: "ಬರಿ... ಪೇಪರಿಗೆ. ನನ್ನ... ಹೆಸರು ಹಾಕು."

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮೈಲಾರಪ್ಪನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಗಂಡು ದಪ್ಪ ಎಂದಿದ್ದರು. ಅಣ್ಣನನ್ನು ಲಾರಿಯಲ್ಲಿ ಹೊತ್ತುಕೊಂಡು ಹೋದ ಹುಡುಗ ಅದೇ ಕೋಣೆಗೆ ಹೋಗಿ ಅದೇ ಸೂಜಿ ಹಾಕಿಸಿಕೊಳ್ಳುತ್ತಿದ್ದ! ಕೇಳಿದರೆ, "ಅಣ್ಣಗ ರೋಗ ಇತ್ತು ಅತ್ತಿಗೀ. ನನಗೇನು ರೋಗ ಐತಿ?" ಎಂದ. ರೋಗವಿಲ್ಲದವನಿಗೆ ಔಷಧ ಯಾಕಪ್ಪಾ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಭಾನುವಾರ ಬೆಳಗ್ಗೆ ಕುರುಗೋಡಿಗೆ ಹೋಗಿ ಆ ಕೋಣೆಯ ಮುಂದಿನ ಬೆಂಚಿನ ಮೇಲೆ ಗಂಡಸರ ನಡುವೆ ಕೂತೆ. ಯಾರಿಗೂ ಏನೂ ಹೇಳಲಿಲ್ಲ. ಮೊದಲು ಒಬ್ಬ ಟವೆಲಿನಿಂದ ಮುಖ ಮುಚ್ಚಿಕೊಂಡು ಎದ್ದ. ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ, "ನಮಸ್ಕಾರ ಟೀಚರಮ್ಮಾ, ತಲಿನೋವಿನ ಗುಳಿಗಿ ತಗೊಳ್ಳಾಕ ಬಂದಿದ್ದೆ" ಎಂದು ಗುಳಿಗೆ ತೆಗೆದುಕೊಳ್ಳದೆಯೇ ಹೋದರು. ಬೆಂಚು ಖಾಲಿಯಾಯಿತು. ಸೂಜಿಯವನು ಹೊರಗೆ ಬಂದು, "ಎದ್ದೇಳ್ರಿ, ಇದು ಗಂಡಸರು ಕೂಡೋ ಜಾಗ" ಎಂದ. ನಾನು ಚೀಲವನ್ನು ಪಕ್ಕಕ್ಕೆ ಎಳೆದುಕೊಂಡು ಅಲ್ಲೇ ಕೂತೆ. ಆಗ ಮೈಲಾರಪ್ಪ ಬಂದ. ನನ್ನನ್ನು ಕಂಡು ಕಂಬದಂತೆ ನಿಂತ.

"ಅತ್ತಿಗೀ, ಮಾನ ತಗೀಬ್ಯಾಡ. ಮನಿಗೆ ನಡಿ."

"ಮನಿಗೆ ಬ್ಯಾಡ. ಬಳ್ಳಾರಿಗೆ ನಡಿ. ನಿಮ್ಮಣ್ಣಗ ತುತ್ತು ಮಾಡಿ ಇಡಾಕ ನಾನೊಬ್ಬಾಕಿ ಅದೀನಿ. ನಿನಗ ಯಾರದಾರ?"

ಮೈಲಾರಪ್ಪ ನನ್ನ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದ.

ಬಳ್ಳಾರಿಯಲ್ಲಿ ಪರೀಕ್ಷೆ ಮಾಡಿಸಿದಾಗ ಅವನ ರಕ್ತವೂ ಗಟ್ಟಿಯಾಗತೊಡಗಿತ್ತು. ಅವನಿಗೆ ಯಾವ ಕೊರತೆಯೂ ಇದ್ದಂತೆ ಕಾಣುವುದಿಲ್ಲ, ಆದರೆ ಹೊರಗಿನ ಔಷಧ ಕಂಡು ದೇಹ ಹಾರ್ಮೋನ್ ತಯಾರಿಸುವ ತನ್ನ ಕೆಲಸ ಕೈಬಿಟ್ಟಿದೆ ಎಂದು ಡಾಕ್ಟರು ಹೇಳಿದರು. ನಿಲ್ಲಿಸಿದರೆ ಮತ್ತೆ ಶುರುವಾಗಬಹುದಂತೆ, ಕಾದು ನೋಡಬೇಕಂತೆ. ಹುಡುಗ ಈಗ ನಮ್ಮ ಮನೆಯಲ್ಲೇ ಇದ್ದು ಕಾಲುವೆಯ ದಂಡೆಯಲ್ಲಿ ಅಣ್ಣನ ತೋಳು ಹಿಡಿದು ನಡೆಸುತ್ತಾನೆ, ತಾನೂ ನಡೆಯುತ್ತಾನೆ. ನಾನು ಇಬ್ಬರ ಮುಖದ ಬಣ್ಣವನ್ನೂ ನೋಡುತ್ತಾ ಕೂರುತ್ತೇನೆ. ಸ್ವಲ್ಪ ಕೆಂಪಾದರೂ ನೆರಳಿಗೆ ಕರೆಯುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಕೋಣೆಯ ಸೀಸೆಗಳನ್ನು ವಶಪಡಿಸಿಕೊಂಡು ಪರೀಕ್ಷೆಗೆ ಕಳಿಸಿ. ಅವನಿಗೆ ಅವು ಎಲ್ಲಿಂದ ಬರುತ್ತವೆ ಎಂದು ಕೇಳಿ. ಬೋರ್ಡು ಇಳಿಸಿ. ಆಸ್ಪತ್ರೆ ತಮ್ಮ ಇಲಾಖೆಯಲ್ಲವೆಂದು ಬಲ್ಲೆ; ಆದರೂ ಆ ವರಾಂಡಕ್ಕೊಂದು ಪರದೆ ಕಟ್ಟಿಸಿ, ರೋಗವನ್ನು ಕೂಗಿ ಹೇಳಬಾರದೆಂದು ಸಂಬಂಧಪಟ್ಟವರಿಗೆ ಒಂದು ಮಾತು ಹೇಳಿ. ಗಂಡಸರನ್ನು ಆ ಕೋಣೆಗೆ ತಳ್ಳುತ್ತಿರುವುದು ನಾಚಿಕೆ.

ನನಗೆ ಶಾಲೆಯ ರಜೆ ಇರುವುದು ಭಾನುವಾರ ಮಾತ್ರ. ಭಾನುವಾರ ಆ ಬೆಂಚಿನ ಮೇಲೆ ನಾನು ಕೂರುತ್ತೇನೆ. ಉಳಿದ ದಿನ ತಾವು ಬನ್ನಿ.

ಇಂತಿ,
ಹೆದರುತ್ತಲೇ ರುಜು ಹಾಕಿರುವ
ಕೊಟ್ರಬಸಮ್ಮ, ಹಾಲಸಿದ್ದಪ್ಪನವರ ಹೆಂಡತಿ
ಸಿರುಗುಪ್ಪ, 1979